ಕೆಂಡದ ಮೇಲೆ ಬಂಗಡೆ, ಲೋಟದಲ್ಲಿ ಮುರುಗಲು

ಬೇಸಿಗೆ ಬಂತೆಂದರೆ ನಮ್ಮ ಬ್ಯಾರಿ ಮನೆಗಳಲ್ಲಿ ಎರಡು ಮಾತು ಒಟ್ಟೊಟ್ಟಿಗೆ ಕೇಳಿಸುತ್ತವೆ. ಒಂದು, "ಎಂತ ಸೆಕೆ ಮಾರಾಯ್ರೆ, ಊಟವೇ ಸೇರುವುದಿಲ್ಲ." ಇನ್ನೊಂದು, "ರಾತ್ರಿಗೆ ಎರಡು ಅಲ್‌ಫಾಮ್ ತರಿಸುವನಾ?" ಮಧ್ಯಾಹ್ನ ಅನ್ನ ಸೇರದ ಬಾಯಿಗೆ ರಾತ್ರಿ ಕೆಂಡದಲ್ಲಿ ಸುಟ್ಟ ಕೋಳಿ ಹೇಗೆ ಸೇರುತ್ತದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮಕ್ಕಳಿಗೆ ರಜೆ, ಗಲ್ಫಿನಿಂದ ಬಂದವರಿಗೂ ರಜೆ, ವಾರಕ್ಕೆರಡು ಮದುವೆ. ಮಂಗಳೂರಿನಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರವಾರದವರೆಗೆ ಹೋದರೆ, ಸಂಜೆಯಾಗುತ್ತಲೇ ದಾರಿಯುದ್ದಕ್ಕೂ ಇದ್ದಿಲ ಹೊಗೆ. ಆ ಹೊಗೆಯ ಪರಿಮಳಕ್ಕೆ ಕಾರು ತಾನಾಗಿ ನಿಧಾನ ಆಗುತ್ತದೆ.

ನಾವೂ ಹಾಗೆ ನಿಧಾನ ಮಾಡಿದವರೇ. ಅದರ ಬೆಲೆ ಕಳೆದ ವರ್ಷ ಎಪ್ರಿಲ್‌ನಲ್ಲಿ ತೆತ್ತೆವು. ಈ ಲೇಖನ ಅಲ್ಲಿಂದಲೇ ಶುರುವಾಗಬೇಕು.

ಐದು ತಾಸಿನ ಕೋಳಿ

ನಮ್ಮ ಭಾವ ಮೀನಿನ ವ್ಯಾಪಾರಕ್ಕೆಂದು ಹೋಗಿ ಕಾರವಾರದಲ್ಲೇ ನೆಲೆಸಿದವರು. ರಜೆಗೆ ನಾವು ಎರಡು ಸಂಸಾರ ಅವರ ಮನೆಗೆ ಹೊರಟೆವು. ಅಸರ್ ಹೊತ್ತಿಗೆ ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ನಾಲ್ಕು ಕೋಳಿ, ಕುಬ್ಬೂಸ್, ಬಿಳಿ ಸಾಸ್ ಕಟ್ಟಿಸಿಕೊಂಡು ಕಾರಿನ ಡಿಕ್ಕಿಯಲ್ಲಿಟ್ಟೆವು. ಕಾರವಾರ ಮುಟ್ಟಿದ ಮೇಲೆ ಮಕ್ಕಳು ಸಮುದ್ರ ಎಂದು ಹಟ ಹಿಡಿದವು. ಟಾಗೋರ್ ಕಡಲತೀರದಲ್ಲಿ ಕತ್ತಲಾಗುವವರೆಗೆ ಆಡಿಸಿದೆವು. ಮಗ್ರಿಬ್, ಇಶಾ ಮುಗಿದು, ಮಾತು ಮುಗಿದು, ಕೋಳಿ ತಟ್ಟೆಗೆ ಬರುವಾಗ ರಾತ್ರಿ ಹತ್ತು. ಅಂದರೆ ಐದು ತಾಸು. ಡಿಕ್ಕಿಯೊಳಗೆ ಸೆಕೆ ಎಷ್ಟಿತ್ತೋ ಅಳೆದವರಿಲ್ಲ.

ನಡುರಾತ್ರಿ ಮೂರು ಮಕ್ಕಳಿಗೆ ವಾಂತಿ ಶುರುವಾಯಿತು. ಮಕ್ಕಳು ಬೆಳಗಾಗುವಾಗ ಸುಧಾರಿಸಿದರು. ಆದರೆ ನಮ್ಮ ಜೊತೆ ಬಂದಿದ್ದ, ಎಪ್ಪತ್ತು ದಾಟಿದ ಮಾಮಿಗೆ ಆಗಲಿಲ್ಲ. ಅವರಿಗೆ ಬಿಪಿ ಇತ್ತು, ಮಾತ್ರೆ ನಡೆಯುತ್ತಿತ್ತು. ಫಜರ್‌ಗೆ ಎಬ್ಬಿಸಲು ಹೋದರೆ ನಾಲಗೆ ಒಣಗಿ ಮಾತು ತೊದಲುತ್ತಿತ್ತು, ನಮ್ಮನ್ನು ಗುರುತಿಸಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮೂರು ದಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ನೋಡಿದ ವೈದ್ಯರು ನಮ್ಮನ್ನು ಹೊರಗೆ ಕರೆದು ಕೇಳಿದ ಮೊದಲ ಪ್ರಶ್ನೆ ಕೋಳಿಯದ್ದಲ್ಲ. "ನಿನ್ನೆ ಇವರು ಎಷ್ಟು ನೀರು ಕುಡಿದಿದ್ದರು?" ಎಂದು.

ಉತ್ತರ ನಮ್ಮಲ್ಲಿ ಇರಲಿಲ್ಲ. ಆಮೇಲೆ ಮಾಮಿಯೇ ಹೇಳಿದರು, "ದಾರಿಯಲ್ಲಿ ಬಾತ್‌ರೂಮಿಗೆ ಹೋಗಲಿಕ್ಕೆ ಕಷ್ಟ ಅಲ್ವಾ ಮಕ್ಕಳೇ, ಅದಕ್ಕೆ ಬೆಳಗ್ಗಿನಿಂದ ಕುಡಿಯಲಿಲ್ಲ." ನಮ್ಮ ಮನೆಗಳಲ್ಲಿ ಪ್ರಯಾಣಕ್ಕೆ ಹೊರಟ ಎಷ್ಟು ಹೆಂಗಸರು ಹೀಗೆ ಬಾಯಿ ಕಟ್ಟಿಕೊಂಡು ಕೂರುತ್ತಾರೆ, ಯೋಚಿಸಿ. ಮೊದಲೇ ಒಣಗಿದ್ದ ದೇಹ ಅದು. ಮೇಲಿನಿಂದ ಉಪ್ಪು, ಖಾರ, ಜಿಡ್ಡು. ಅದರ ಮೇಲೆ ವಾಂತಿ.

ಭಾವ ಯಾರನ್ನೂ ಬೈಯಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಕೂತು ಒಂದೇ ಮಾತು ಹೇಳಿದರು: "ಇಪ್ಪತ್ತು ವರ್ಷದಿಂದ ಮೀನಿಗೆ ಐಸ್ ಹಾಕುವವ ನಾನು. ಒಂದು ಬುಟ್ಟಿ ಬಂಗಡೆ ಒಂದು ತಾಸು ಬಿಸಿಲಲ್ಲಿ ಬಿಡುವುದಿಲ್ಲ. ನನ್ನ ಮನೆಗೇ ಐದು ತಾಸಿನ ಕೋಳಿ ಬಂತಲ್ಲ."

ಕೆಂಡಕ್ಕೂ ನಮಗೂ ಹಳೆಯ ನಂಟು

ಹಾಗಂತ ಸುಟ್ಟ ಮಾಂಸವೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಹೇಳಿದರೂ ಯಾರು ಕೇಳುತ್ತಾರೆ? ಕೆಂಡದ ಅಡುಗೆಗೂ ನಮಗೂ ನಂಟು ಬಹಳ ಹಳೆಯದು. ಇಬ್ರಾಹೀಮ್ ಅಲೈಹಿಸ್ಸಲಾಮರು ಮನೆಗೆ ಬಂದ ಅತಿಥಿಗಳ ಮುಂದೆ ಸುಟ್ಟ ಕರುವನ್ನು ತಂದಿಟ್ಟ ಪ್ರಸಂಗ ಕುರ್‌ಆನ್‌ನ ಸೂರಃ ಹೂದ್‌ನಲ್ಲಿ ಬರುತ್ತದೆ. ಅಲ್ಲಿ ಬಳಕೆಯಾದ 'ಹನೀದ್' ಎಂಬ ಪದಕ್ಕೆ ಕಾದ ಕಲ್ಲುಗಳ ಮೇಲೆ ಬೇಯಿಸಿದ್ದು ಎಂದು ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಯೆಮನ್ ಕಡೆಯ ಹೋಟೆಲುಗಳಲ್ಲಿ ಇಂದಿಗೂ ಅದೇ ಹೆಸರಿನ ಖಾದ್ಯ ಉಂಟು. ಗಲ್ಫಿನಲ್ಲಿದ್ದವರಿಗೆ ಗೊತ್ತಿರುತ್ತದೆ.

ಅಲ್‌ಫಾಮ್ ಎಂಬ ಹೆಸರೂ ಹಾಗೆಯೇ. ಅರಬಿಯಲ್ಲಿ 'ಫಹಮ್' ಎಂದರೆ ಇದ್ದಿಲು, ಅಷ್ಟೇ. 'ಇದ್ದಿಲ ಮೇಲಿನ ಕೋಳಿ' ಎಂಬುದು ನಮ್ಮ ಕಡೆಗೆ ಬರುವಾಗ ಕೋಳಿ ಹೋಗಿ ಇದ್ದಿಲು ಮಾತ್ರ ಹೆಸರಾಗಿ ಉಳಿಯಿತು! ದುಬೈ, ದಮಾಮ್, ಕುವೈತಿನಿಂದ ಮರಳಿದ ನಮ್ಮವರು ಸೂಟ್‌ಕೇಸಿನ ಜೊತೆಗೆ ಈ ರುಚಿಯನ್ನೂ ತಂದರು. ಭಟ್ಕಳದ ನವಾಯತರೂ ತಂದರು, ಮಲಬಾರಿನವರೂ ತಂದರು.

ಆದರೆ ಒಂದು ವ್ಯತ್ಯಾಸ ಮರೆತೆವು. ಅಲ್ಲಿ ಊಟ ಎಸಿ ಕೋಣೆಯಲ್ಲಿ, ಒಲೆಯಿಂದ ನೇರ ತಟ್ಟೆಗೆ. ನಮ್ಮದು ಕಡಲ ಬದಿಯ ಬೆವರು ಸೆಕೆ, ಪೊಟ್ಟಣ ಕಟ್ಟಿಸಿ ತಂದು ಬೇಕಾದಾಗ ಬಿಚ್ಚುವ ಅಭ್ಯಾಸ.

ಇನ್ನು ನಮ್ಮ ಉಮ್ಮುಮ್ಮಂದಿರಿಗೆ ಅಲ್‌ಫಾಮ್ ಗೊತ್ತಿರಲಿಲ್ಲ. ಆದರೆ ಕೆಂಡ ಗೊತ್ತಿತ್ತು. ಗಂಜಿ ಬೆಂದ ಒಲೆಯ ಕೆಂಡವನ್ನು ಮುಂದಕ್ಕೆಳೆದು ಒಂದು ಒಣಮೀನು ಸುಡುತ್ತಿದ್ದರು. ಹಲಸಿನ ಬೀಜವನ್ನು ಬೂದಿಯಲ್ಲಿ ಹುಗಿಯುತ್ತಿದ್ದರು. ಗೇರುಬೀಜ ಸುಡುವಾಗ ಮಕ್ಕಳನ್ನು ದೂರ ನಿಲ್ಲಿಸುತ್ತಿದ್ದರು, ಸಿಪ್ಪೆಯ ಎಣ್ಣೆ ಸಿಡಿದರೆ ಕೈ ಸುಡುತ್ತದೆಂದು. ಅದು ಹಬ್ಬದ ಊಟವಾಗಿರಲಿಲ್ಲ, ದಿನನಿತ್ಯದ್ದು. ಸುಟ್ಟದ್ದು ಬೆರಳಷ್ಟು, ಗಂಜಿ ಬಟ್ಟಲು ತುಂಬ.

ಅಂಕೋಲೆಯ ಮೀನು ಪೇಟೆಯಲ್ಲಿ

ಈ ವರ್ಷ ಮತ್ತೆ ಹೋದೆವು. ಕಾರು ಬೇಡವೆಂದು ಮತ್ಸ್ಯಗಂಧ ರೈಲು ಹತ್ತಿದೆವು. ಮಾಮಿಯೂ ಬಂದರು. ಈ ಸಲ ಅವರ ಕೈಚೀಲದಲ್ಲಿ ನೀರಿನ ಬಾಟಲಿ, ಮತ್ತು ರೈಲಿನಲ್ಲಿ ಬಾತ್‌ರೂಮ್ ಉಂಟೆಂಬ ಧೈರ್ಯ. ಅಂಕೋಲೆಯಲ್ಲಿ ಇಳಿದು ಒಂದು ದಿನ ಪರಿಚಯದವರಲ್ಲಿ ಉಳಿದೆವು, ಆಮೇಲೆ ಕಾರವಾರ.

ಮಂಗಳೂರಿನವರಿಗೆ ಅಂಕೋಲೆಯ ಮೀನು ಪೇಟೆಯಲ್ಲಿ ಮೊದಲು ಹೆಸರುಗಳ ಪಾಠ ಆಗಬೇಕು. ನಮ್ಮ ಬಂಗುಡೆ ಇಲ್ಲಿ ಬಂಗಡೆ. ನಮ್ಮ ಬೂತಾಯಿ ಇಲ್ಲಿ ತಾರ್ಲೆ. ಅಂಜಲ್ ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಇಸ್ವಾಣ ಎನ್ನಬೇಕು. ಕಾಣೆ ನೋಗ್ಲಿಯಾಗುತ್ತದೆ, ಸಿಗಡಿ ಶೆಟ್ಲಿಯಾಗುತ್ತದೆ, ನಾವು ಮರುವಾಯಿ ಎನ್ನುವುದು ಬೆಳಚು. ಹೆಸರು ಬೇರೆ, ಕಡಲು ಒಂದೇ.

ಬಂಗಡೆ ಆರಿಸುತ್ತಾ, ಇದನ್ನು ಸುಡಲಿಕ್ಕೆ ಎಂದೆವು. ಮೀನು ಮಾರುವ ಹಿರಿಯ ಹೆಂಗಸು ನಕ್ಕರು. "ಸುಡುದು ಅಂದ್ರೆ ಕರಿ ಮಾಡುದಲ್ಲ ತಮಾ. ಕೆಂಡದ ಮೇಲೆ ಬೂದಿ ಬರ್ಬೇಕು, ಆಮೇಲೆ ಮೀನು ಇಡ್ಬೇಕು. ಬೆಂಕಿ ಕಂಡ್ರೆ ಮೀನು ಇಡೂಕೆ ಆಗುದಿಲ್ಲ."

ಎರಡು ವಾಕ್ಯದಲ್ಲಿ ಅವರು ಹೇಳಿದ್ದನ್ನೇ ವಿಜ್ಞಾನವೂ ಹೇಳುತ್ತದೆ. ಮಾಂಸ, ಮೀನು ಅತಿಯಾದ ಶಾಖಕ್ಕೆ ಸಿಕ್ಕಿ ಕಪ್ಪಾದಾಗ, ಮತ್ತು ಕೊಬ್ಬು ಬೆಂಕಿಗೆ ತೊಟ್ಟಿಕ್ಕಿ ಎದ್ದ ಹೊಗೆ ಮತ್ತೆ ಮಾಂಸಕ್ಕೇ ಅಂಟಿದಾಗ, ದೇಹಕ್ಕೆ ಹಾನಿಕರವಾದ ರಾಸಾಯನಿಕಗಳು ಹುಟ್ಟುತ್ತವೆ. ಅವು ಕ್ಯಾನ್ಸರಿಗೆ ಕಾರಣವಾಗಬಲ್ಲವೆಂದು ಪ್ರಯೋಗಗಳು ತೋರಿಸಿವೆ. ಜ್ವಾಲೆ ಇಳಿದು, ಇದ್ದಿಲ ಮೇಲೆ ಬಿಳಿ ಬೂದಿ ಕೂತ ಮೇಲೆ ಸುಟ್ಟರೆ ಹೊಗೆ ಕಡಿಮೆ, ಕರಿಯುವುದೂ ಕಡಿಮೆ. ಹುಳಿ ಸೇರಿದ ಮಸಾಲೆಯಲ್ಲಿ ನೆನೆಸಿದರೆ ಇನ್ನೂ ಒಳ್ಳೆಯದು.

ಈ ಕಡೆಯವರ ಹಳೆಯ ವಿಧಾನಗಳನ್ನು ಕೇಳಿ ತಿಳಿದುಕೊಂಡೆವು. ಮುಖ್ಯವಾಗಿ ಮೂರು.

ಮೊದಲನೆಯದು ಬರೀ ಕೆಂಡ. ಬಂಗಡೆ ಅಥವಾ ತಾರ್ಲೆಗೆ ಉಪ್ಪು, ಅರಿಶಿನ, ಸ್ವಲ್ಪ ಹುಳಿ. ಬೇರೇನೂ ಇಲ್ಲ. ಈ ಮೀನುಗಳ ಮೈಯಲ್ಲೇ ಎಣ್ಣೆ ಇರುವುದರಿಂದ ಮೇಲಿನಿಂದ ಎಣ್ಣೆ ಹಚ್ಚುವುದೇ ಬೇಡ.

ಎರಡನೆಯದು ಎಲೆಯೊಳಗೆ. ತೆಂಗಿನತುರಿ, ಮೆಣಸು, ಹುಳಿ ಅರೆದು ಮೀನಿಗೆ ಸವರಿ, ಬಾಳೆ ಎಲೆಯಲ್ಲಿ ಸುತ್ತಿ, ಬಾಳೆ ನಾರಿನಿಂದ ಕಟ್ಟಿ ಕೆಂಡದ ಮೇಲಿಡುವುದು. ಬಂಗಡೆಯಾದರೆ ಎರಡು ಕಾಳು ತೆಪ್ಪಲ್ ಬೀಳಲೇಬೇಕು. ಇಲ್ಲಿನ ಕೆಲವರು ಅದನ್ನು ಜುಮ್ಮನಕಾಯಿ ಎನ್ನುತ್ತಾರೆ, ನಾಲಗೆಯಲ್ಲಿ ಜುಮ್ಮೆನ್ನುವುದು ತಿಂದವರಿಗೆ ಗೊತ್ತು. ಎಲೆ ಕರಿಯುತ್ತದೆ, ಮೀನು ಕರಿಯುವುದಿಲ್ಲ. ಮೀನು ತನ್ನ ಹಬೆಯಲ್ಲೇ ಬೇಯುತ್ತದೆ. ಆರೋಗ್ಯದ ಲೆಕ್ಕದಲ್ಲಿ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ.

ಮೂರನೆಯದು ಒಣಮೀನು. ಉಪ್ಪಿನ ಊರು ಇದು. 1930ರಲ್ಲಿ ಉಪ್ಪಿನ ಕಾನೂನು ಮುರಿದು ಹೆಸರಾದ ಅಂಕೋಲೆ. ಪಕ್ಕದ ಕುಮಟಾ ತಾಲೂಕಿನ ಸಾಣಿಕಟ್ಟೆಯ ಗದ್ದೆಗಳಲ್ಲಿ ಈಗಲೂ ಬೇಸಿಗೆಯಲ್ಲಿ ಉಪ್ಪು ಬೆಳೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳಿಗೆಂದು ಬೇಸಿಗೆಯ ಬಿಸಿಲಲ್ಲೇ ಮೀನು ಒಣಗಿಸಿಡುತ್ತಾರೆ. ಕೆಂಡದಲ್ಲಿ ಸುಟ್ಟ ಒಂದು ಒಣ ಬಂಗಡೆ ಇದ್ದರೆ ನಾಲ್ಕು ಜನರ ಗಂಜಿ ಮುಗಿಯುತ್ತದೆ. ಒಂದೇ ಎಚ್ಚರಿಕೆ, ಬಿಪಿ ಮತ್ತು ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಉಪ್ಪು ಹಿತವಲ್ಲ. ನೀರಿನಲ್ಲಿ ನೆನೆಸಿ ತೊಳೆದರೆ ಉಪ್ಪು ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಕಾರವಾರಕ್ಕೆ ಬಂದರೆ ಗೋವಾ ಗಡಿ ಹತ್ತಿರ. ಕೆಂಪು ಮೆಣಸು, ಬೆಳ್ಳುಳ್ಳಿ, ವಿನೆಗರ್ ಅರೆದು ಬಂಗಡೆಯ ಹೊಟ್ಟೆಗೆ ತುಂಬುವ ರೆಶಾದ್ ಮಸಾಲೆ, ಹಸಿರು ಮಸಾಲೆಯ ಕಾಫ್ರಿಯಾಲ್ ಕೋಳಿ ಅಲ್ಲಿಂದ ಬಂದವು. ಕಾಳಿ ನದಿಯ ಅಳಿವೆಯ ಚಿಪ್ಪುಮೀನುಗಳನ್ನೂ ಕೆಂಡದ ಮೇಲಿಟ್ಟು ಸುಡುತ್ತಾರೆ. ಬೆಂದಾಗ ಚಿಪ್ಪು ತಾನೇ ಬಾಯಿ ಬಿಡುತ್ತದೆ. ಬಾಯಿ ಬಿಡದ್ದನ್ನು ಚಾಕು ಹಾಕಿ ಬಿಡಿಸಬೇಡಿ, ಎಸೆಯಿರಿ. ಬೇಸಿಗೆಯಲ್ಲಂತೂ ಅರೆಬೆಂದ ಚಿಪ್ಪು ತಿನ್ನಲೇಬಾರದು.

ಸೆಕೆ ಹೊಟ್ಟೆಗೆ ಏನು ಮಾಡುತ್ತದೆ?

ಬಯಲುಸೀಮೆಯವರು ನಮ್ಮನ್ನು ನೋಡಿ ನಗುತ್ತಾರೆ. ಅಲ್ಲಿ 40 ಡಿಗ್ರಿ, ನಿಮಗೆ 36ಕ್ಕೇ ಸಾಕಾಯಿತಾ ಎಂದು. ಆದರೆ ಹವಾಮಾನ ಇಲಾಖೆಯೂ ಈ ವ್ಯತ್ಯಾಸ ಒಪ್ಪುತ್ತದೆ. ಬಿಸಿಗಾಳಿ ಘೋಷಿಸಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಬೇಕು. ಕರಾವಳಿಯಲ್ಲಿ 37 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಸಾಕು. ಕಾರಣ ಸರಳ. ದೇಹ ತಣ್ಣಗಾಗುವುದು ಬೆವರು ಹರಿಯುವುದರಿಂದಲ್ಲ, ಬೆವರು ಆರುವುದರಿಂದ. ಗಾಳಿಯಲ್ಲೇ ನೀರು ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ತಂಪೂ ಆಗಲಿಲ್ಲ.

ಇಂಥ ಹೊತ್ತಿನಲ್ಲಿ ಒಂದು ಇಡೀ ಕೋಳಿ ತಿಂದರೆ? ಮಾಂಸ ಜೀರ್ಣಿಸುವಾಗ ದೇಹದಲ್ಲಿ ಅನ್ನಕ್ಕಿಂತ ಹೆಚ್ಚು ಶಾಖ ಹುಟ್ಟುತ್ತದೆ. ಅದರ ಕಸವನ್ನು ಹೊರಹಾಕಲು ಮೂತ್ರಪಿಂಡಕ್ಕೆ ಹೆಚ್ಚು ನೀರು ಬೇಕು. ಮಸಾಲೆಯ ಉಪ್ಪಿಗೆ ಮತ್ತಷ್ಟು ನೀರು. ನಾವಾದರೋ ಜೊತೆಗೆ ಬಣ್ಣದ ತಂಪು ಪಾನೀಯದ ಬಾಟಲಿ ಇಟ್ಟುಕೊಳ್ಳುತ್ತೇವೆ, ಅದರಲ್ಲಿ ಸಕ್ಕರೆಯೇ ಜಾಸ್ತಿ.

ಈಚಿನ ವರ್ಷಗಳಲ್ಲಿ ರಮಝಾನ್ ಕೂಡ ಮಾರ್ಚ್ ಆಸುಪಾಸಿನಲ್ಲೇ ಬಂತು, ಬಕ್ರೀದ್ ಮೇ-ಜೂನ್‌ನಲ್ಲಿ. ದಿನವಿಡೀ ನೀರಿಲ್ಲದ ಹೊಟ್ಟೆಗೆ ಇಫ್ತಾರ್ ಹೊತ್ತಿಗೆ ಮೊದಲು ಕೊಡಬೇಕಾದ್ದು ನೀರು, ಖರ್ಜೂರ, ಹಣ್ಣು. ಸುಟ್ಟ ಮಾಂಸ ಆಮೇಲೆ, ಸ್ವಲ್ಪ. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಿಗೆ ಎಂಬ ಪ್ರವಾದಿ ಬೋಧನೆ ನಮಗೆಲ್ಲ ಮದರಸದಲ್ಲೇ ಬಾಯಿಪಾಠ. ಪ್ರವಾದಿಯವರು (ಸ) ತಾಜಾ ಖರ್ಜೂರದ ಜೊತೆ ಸೌತೆಕಾಯಿ ಸೇವಿಸುತ್ತಿದ್ದುದೂ ಹದೀಸ್‌ಗಳಲ್ಲಿ ಬರುತ್ತದೆ. ಉಷ್ಣಕ್ಕೆ ತಂಪು ಜೋಡಿಸುವ ಆ ಕ್ರಮ ಕೆಂಡದ ಊಟಕ್ಕೂ ಅನ್ವಯವಾಗಬೇಡವೇ?

ಸುಟ್ಟದ್ದರ ಜೊತೆಗೇನು?

ಕುಬ್ಬೂಸ್ ಮತ್ತು ಬಿಳಿ ಸಾಸ್ ಬಿಟ್ಟು ಬೇರೆ ಇಲ್ಲವೇ ಎಂದರೆ, ಕಾರವಾರ-ಅಂಕೋಲೆಯ ಮನೆಗಳಲ್ಲಿ ಉತ್ತರ ಸಿದ್ಧವಿದೆ.

ಮುರುಗಲು: ನಮ್ಮ ಪುನರ್ಪುಳಿಯೇ. ಇದರ ಒಣಸಿಪ್ಪೆ ನೆನೆಸಿ ಹಿಂಡಿ, ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು ಸೇರಿಸಿದರೆ ಸೋಲ್ ಕಡಿ. ಕಾರವಾರದಲ್ಲಿ ಮೀನಿನ ಊಟದ ಕೊನೆಗೆ ಇದು ಬಾರದಿದ್ದರೆ ಊಟ ಮುಗಿದಂತೆಯೇ ಅಲ್ಲ. ತೆಂಗಿನ ಹಾಲು ಬೇಡವಾದವರು ಬರೀ ನೀರಿಗೆ ಹಿಂಡಿ ಉಪ್ಪು, ಜೀರಿಗೆ ಹಾಕಿ ಕುಡಿಯಬಹುದು. ಮಾರುಕಟ್ಟೆಯ ಬಾಟಲಿ ಶರಬತ್ತಿನಲ್ಲಿ ಸಕ್ಕರೆ ತುಂಬಿರುತ್ತದೆ, ಸಕ್ಕರೆ ಕಾಯಿಲೆಯವರು ಒಣಸಿಪ್ಪೆಯನ್ನೇ ನಂಬುವುದು ಲೇಸು.

ಗಂಜಿ: ಕೊಂಕಣಿಯವರ ಪೇಜ, ನಮ್ಮ ಕಂಞಿ. ಕುಚ್ಚಲಕ್ಕಿ ಗಂಜಿ ಒಂದೇ ಬಟ್ಟಲಲ್ಲಿ ನೀರು, ಉಪ್ಪು, ಅನ್ನ ಮೂರನ್ನೂ ಕೊಡುತ್ತದೆ. ಸುಟ್ಟ ಮೀನಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಅಪ್ಪೆಹುಳಿ: ಮಾವಿನ ಮಿಡಿ ಬೇಯಿಸಿ ಕಿವುಚಿ, ನೀರಾಗಿಸಿ, ಒಗ್ಗರಣೆ ಕೊಟ್ಟದ್ದು. ಘಟ್ಟದ ಮೇಲಿನವರದ್ದಾದರೂ ಕೆಳಗೂ ಇಳಿದಿದೆ. ಊಟದ ನಡುವೆ ಲೋಟಕ್ಕೆ ಹಾಕಿ ಕುಡಿಯುವುದೇ ಚೆಂದ.

ಕುಮಟಾದ ಸಿಹಿ ಈರುಳ್ಳಿ: ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಈರುಳ್ಳಿ. ಖಾರವಿಲ್ಲ, ಹಸಿಯಾಗಿಯೇ ತಿನ್ನಬಹುದು. ಸೌತೆಕಾಯಿ, ಲಿಂಬೆರಸದ ಜೊತೆ ಕೊಚ್ಚಿಟ್ಟರೆ ಮಯೋನೀಸ್ ಯಾರಿಗೂ ನೆನಪಾಗುವುದಿಲ್ಲ.

ಕೊನೆಗೆ ಕರಿ ಇಶಾಡ. ಅಂಕೋಲೆಯ ಈ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ತೆಳು ಸಿಪ್ಪೆ, ತುಂಬಾ ತಿರುಳು, ಪರಿಮಳ ಕೋಣೆ ತುಂಬ. ಬಿಳಿ ಇಶಾಡ ಎಂಬ ಇನ್ನೊಂದು ಉಂಟು, ಅದರ ಸಿಪ್ಪೆ ದಪ್ಪ, ಸಿಹಿ ಕಡಿಮೆ. ಕೇಳಿ ಕೊಳ್ಳಿ. ಮಧುಮೇಹಿಗಳು ಒಂದು ಹೋಳಿಗೆ ನಿಲ್ಲಿಸಬೇಕು. ನಿಲ್ಲಿಸುವುದು ಕಷ್ಟ ಎಂಬುದು ನಮಗೂ ಗೊತ್ತು.

ಬೊಂಡ ಎಲ್ಲರಿಗೂ ಒಳ್ಳೆಯದು ಎಂಬ ನಂಬಿಕೆಯಿದೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಗಡಿಯಾರ ನೋಡಿ ಊಟ ಮಾಡಿ

ಈಗ ನಮಗೆ ಪಾಠ ಕಲಿಸಿದ ವಿಷಯಕ್ಕೆ ಬರೋಣ. ಬೆಂದ ಆಹಾರ 5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಇದ್ದಾಗ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಸಾಮಾನ್ಯ ದಿನಗಳಲ್ಲಿ ಹೊರಗಿಡಬಹುದಾದ ಅವಧಿ ಎರಡು ತಾಸು. ಉಷ್ಣಾಂಶ 32 ಡಿಗ್ರಿ ದಾಟಿದ್ದರೆ ಒಂದೇ ತಾಸು. ನಮ್ಮ ಎಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳೆಲ್ಲ ಆ ಒಂದು ತಾಸಿನ ಲೆಕ್ಕಕ್ಕೇ ಸೇರುತ್ತವೆ. "ಮತ್ತೆ ಬಿಸಿ ಮಾಡಿದರೆ ಆಯ್ತಲ್ಲ" ಎನ್ನುವವರಿದ್ದಾರೆ. ಆಗುವುದಿಲ್ಲ. ಕೆಲವು ರೋಗಾಣುಗಳು ಬಿಟ್ಟ ವಿಷ ಬಿಸಿಗೆ ನಾಶವಾಗುವುದಿಲ್ಲ.

ಬಂಗಡೆ, ತಾರ್ಲೆಯಂಥ ಮೀನುಗಳದ್ದೂ ಇದೇ ಕಥೆ. ಐಸ್ ಇಲ್ಲದೆ ಸೆಕೆಯಲ್ಲಿ ಬಿಟ್ಟರೆ ಮೀನಿನೊಳಗೆ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಆಮೇಲೆ ಹುರಿದರೂ ಸುಟ್ಟರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಭಾವ ಬುಟ್ಟಿಗೆ ಐಸ್ ಹಾಕುವುದು ಮೀನಿನ ಅಂದಕ್ಕಲ್ಲ.

2022ರ ಮೇ 1ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ವಿದ್ಯಾರ್ಥಿನಿ ತೀರಿಕೊಂಡದ್ದು ನಮ್ಮ ಓದುಗರಿಗೆ ನೆನಪಿರಬಹುದು. ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಪತ್ತೆಯಾಗಿತ್ತು. ಮರುವರ್ಷ ಕೇರಳ ಸರಕಾರ ಹಸಿಮೊಟ್ಟೆಯ ಮಯೋನೀಸ್ ನಿಷೇಧಿಸಿತು. ನಮ್ಮಲ್ಲಿ 2024ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಕಬಾಬ್‌ಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 39 ಮಾದರಿಗಳಲ್ಲಿ 8 ಅಸುರಕ್ಷಿತವೆಂದು ಕಂಡುಬಂದಿದ್ದವು. ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿದೆ. ಕೈ ತೊಳೆದ ಮೇಲೂ ಬೆರಳಿನಲ್ಲಿ ಬಣ್ಣ ಉಳಿಯಿತೆಂದರೆ ಅಂಗಡಿಯವರನ್ನು ಕೇಳಲು ಹಿಂಜರಿಯಬೇಡಿ. ಅವರೂ ನಮ್ಮವರೇ, ಕೇಳಿದರೆ ಬದಲಾಗುತ್ತಾರೆ. ಕೆಂಡದ ಮುಂದೆ ನಿಂತು ಬೆವರು ಸುರಿಸುವ ಆ ಹುಡುಗರಿಗೆ ಒಂದು ಲೋಟ ನೀರು ಬೇಕೇ ಎಂದೂ ಕೇಳಿ.

ಈ ಸಲದ ಒಲೆ

ಕಾರವಾರದ ಮನೆಯ ಟೆರೇಸಿನಲ್ಲಿ ಈ ಸಲ ನಾವೇ ಒಲೆ ಹೂಡಿದೆವು. ನಾಲ್ಕು ಇಟ್ಟಿಗೆ, ಮೇಲೊಂದು ಕಬ್ಬಿಣದ ಜಾಲರಿ, ಒಳಗೆ ತೆಂಗಿನ ಕರಟದ ಇದ್ದಿಲು. ಸೀಮೆಎಣ್ಣೆ ಹಾಕಲಿಲ್ಲ, ಅದರ ವಾಸನೆ ಮಾಂಸಕ್ಕೆ ಹಿಡಿಯುತ್ತದೆ. ಎಲ್ಲ ತೆರೆದ ಜಾಗದಲ್ಲೇ. ಮುಚ್ಚಿದ ಕೋಣೆಗೆ ಕೆಂಡ ಒಯ್ದರೆ ವಿಷಾನಿಲ ತುಂಬಿ ಜೀವಕ್ಕೇ ಅಪಾಯ, ಇದನ್ನು ಮಕ್ಕಳಿಗೂ ಹೇಳಿಡಿ.

ಇಡೀ ಕೋಳಿ ಬೇಡವೆಂದು ತುಂಡು ಮಾಡಿಸಿದೆವು. ತುಂಡು ಚಿಕ್ಕದಾದಷ್ಟೂ ಹೊರಗೆ ಕರಿಯುವ ಮೊದಲು ಒಳಗೆ ಬೇಯುತ್ತದೆ. ಮೊಸರು, ಲಿಂಬೆ, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು ಹಚ್ಚಿ ಫ್ರಿಡ್ಜಿನೊಳಗೇ ಮೂರು ತಾಸು. ಹಸಿ ಕೋಳಿಯ ತಟ್ಟೆ ಬೇರೆ, ಬೆಂದದ್ದಕ್ಕೆ ತಟ್ಟೆ ಬೇರೆ. ಹಸಿ ಕೋಳಿಗೆ ಹಚ್ಚಿ ಉಳಿದ ಮಸಾಲೆಯನ್ನು ಬೆಂದ ಕೋಳಿಯ ಮೇಲೆ ಸವರಲಿಲ್ಲ. ಭಾವ ಎಲ್ಲಿಂದಲೋ ಅಡುಗೆಯ ಥರ್ಮಾಮೀಟರ್ ತಂದಿದ್ದರು. ಮೂಳೆಗೆ ತಾಗದಂತೆ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ತೋರಿಸಬೇಕು, ಆಗ ಬೆಂದಿತೆಂದು ಅರ್ಥ. ಅದಿಲ್ಲದವರು ಮೂಳೆಯ ಬುಡ ಬಿಡಿಸಿ ನೋಡಬಹುದು, ಮಾಂಸ ಎಲ್ಲೂ ಹಸಿಯಾಗಿ ಕಾಣಬಾರದು, ಆದರೆ ಅಳತೆಯಷ್ಟು ಭರವಸೆ ಅದರಲ್ಲಿಲ್ಲ. ಎಲೆ ಸುತ್ತಿದ ಬಂಗಡೆ ಪಕ್ಕದಲ್ಲೇ ಬೇಯುತ್ತಿತ್ತು.

ಬಿಸಿಲು ಪೂರ್ತಿ ಇಳಿದ ಮೇಲೆ ಶುರು ಮಾಡಿದ್ದು, ಮಗ್ರಿಬ್ ಆದ ಕೂಡಲೇ ಉಂಡದ್ದು. ಒಲೆಯಿಂದ ಇಳಿದದ್ದು ಅರ್ಧ ತಾಸಿನೊಳಗೆ ಖಾಲಿ. ಒಬ್ಬೊಬ್ಬರಿಗೆ ಎರಡೆರಡು ತುಂಡು ಕೋಳಿ, ಒಂದು ಬಂಗಡೆ, ಬೇಕಾದಷ್ಟು ಗಂಜಿ. ಕಳೆದ ವರ್ಷದ ಅರ್ಧ ಖರ್ಚೂ ಆಗಲಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಸೆಕೆಗೆ ಯಾರಾದರೂ ಬಳಲಬಹುದು. ವಾಂತಿಭೇದಿಯಾದರೆ ಒಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಮಟ್ಟ ಚಮಚ ಉಪ್ಪು. ಚಮಚ ಅಂದರೆ ಚಹಾದ ಚಮಚ. ಗುಟುಕು ಗುಟುಕಾಗಿ ಕುಡಿಸಬೇಕು. ಮಾತು ತೊದಲಿದರೆ, ಗುರುತು ಹಿಡಿಯದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ನೆರಳಿಗೆ ಒಯ್ದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ನಾವು ಕಳೆದ ವರ್ಷ ಫಜರ್‌ವರೆಗೆ ಮಾಮಿಯ ಕೋಣೆಗೆ ಇಣುಕಿ ನೋಡಲಿಲ್ಲ. ವಾಂತಿ ಮಾಡುವ ಮಕ್ಕಳ ಹಿಂದೆಯೇ ಎಲ್ಲರೂ ಓಡುತ್ತಿದ್ದೆವು. ವಯಸ್ಸಾದವರು ಕೂಗಿ ಕರೆಯುವುದಿಲ್ಲ. ನಾವೇ ಹೋಗಿ ನೋಡಬೇಕು.

ಊಟ ಮುಗಿದ ಮೇಲೆ ಮಾಮಿ ಮುರುಗಲಿನ ಲೋಟ ಹಿಡಿದು ಟೆರೇಸಿನ ಮೂಲೆಯಲ್ಲಿ ಕೂತಿದ್ದರು. ಕಡಲ ಕಡೆಯಿಂದ ಸ್ವಲ್ಪ ಗಾಳಿ ಬರುತ್ತಿತ್ತು. ಭಾವ ಹತ್ತಿರ ಹೋಗಿ, "ಮಾಮಿ, ಇನ್ನೊಂದು ತುಂಡು ಕೋಳಿ ಹಾಕ್ಲಾ?" ಎಂದರು.

"ಕೋಳಿ ಸಾಕು ಮಗಾ," ಎಂದರು ಮಾಮಿ ಖಾಲಿ ಲೋಟ ಮುಂದೆ ಚಾಚಿ. "ಇದಕ್ಕೆ ಹಾಕು."